ಬೆಳ್ಳಿ ಬಣ್ಣದ ಆಡಿ ಟಿಟಿ ಕಾರು, ಮೂತಿ ತುಂಬಾ ಕಲ್ಲೇಟು: ಪೂರ್ತಿ ಪೇಂಟ್ ಮಾಡಿಸಲೋ, ಟಚಪ್ ಸಾಕೋ?

ಎರಡುಬಾಗಿಲು (ಮೈಸೂರು)
ನಮಸ್ಕಾರ. ನನ್ನದು 2011ರ ಆಡಿ ಟಿಟಿ, ಐಸ್ ಸಿಲ್ವರ್ ಬಣ್ಣ. ಸೆಕೆಂಡ್ ಹ್ಯಾಂಡಲ್ಲಿ ತಗೊಂಡ ಗಾಡಿ. ಕೆಲಸದ ಮೇಲೆ ಬೆಂಗಳೂರಿಗೆ ಆಗಾಗ ಓಡಾಟ ಇದೆ. ಗಾಡಿ ತಗ್ಗು, ಮುಂದೆ ಹೋಗುವ ಲಾರಿ ಚಕ್ರದಿಂದ ಹಾರುವ ಕಲ್ಲೆಲ್ಲಾ ಇದರ ಮೂತಿಗೇ. ಬಂಪರ್ ಪೂರ್ತಿ ಚುಕ್ಕೆ ಚುಕ್ಕೆ. ಬಾನೆಟ್ಟಿನ ಮುಂದಿನ ಅಂಚಲ್ಲಿ ಒಂದೆರಡು ಮಿಲಿಮೀಟರ್ ಗಾತ್ರದ ಏಟುಗಳು, ಕೆಲವು ಕಡೆ ಲೋಹವೇ ಕಾಣುತ್ತಿದೆ.

ಎರಡು ಕಡೆ ವಿಚಾರಿಸಿದೆ. ದೊಡ್ಡ ವರ್ಕ್‌ಶಾಪಿನವರು ಬಂಪರ್, ಬಾನೆಟ್, ಎರಡೂ ಕಡೆಯ ಫೆಂಡರ್ ಎಲ್ಲಾ ಸೇರಿಸಿ ಎಸ್ಟಿಮೇಟ್ ಕೊಟ್ಟರು. ನೋಡಿ ಅವರು ಕೊಟ್ಟ ಕಾಫಿಯನ್ನೂ ಮುಟ್ಟದೆ ಎದ್ದು ಬಂದೆ. ಇನ್ನೊಬ್ಬ ಪೇಂಟರ್ ಅದರ ಮೂರನೇ ಒಂದು ಭಾಗ ಹೇಳಿದರು. "ಬಂಪರ್, ಬಾನೆಟ್ ಹೊಡೆದರೆ ಸಾಕು ಸಾರ್, ಕೋಡ್ ಇದೆಯಲ್ಲ, ಮುಗೀತು" ಅಂದರು.

ಫೆಂಡರಿಗೆ ಯಾಕೆ ಪೇಂಟ್? ಅದರ ಮೇಲೆ ಒಂದು ಗೀರೂ ಇಲ್ಲ. ಸುಮ್ನೆ ಬಿಲ್ ಹೆಚ್ಚಿಸೋಕಾ? ಆಯುಧಪೂಜೆಗೆ ಮುಂಚೆ ಗಾಡಿ ರೆಡಿ ಇರಬೇಕು. ತಿಳಿದವರು ಹೇಳಿ.

ಗೋಕುಲಂ ಗಿರಿ
ಫೋಟೋ ಹಾಕಿ ಗುರು. ಗಾಡಿ ನೋಡದೆ ಬಣ್ಣದ ಮಾತಾಡೋದು ಹೆಂಗೆ?

ಎರಡುಬಾಗಿಲು (ಮೈಸೂರು)
ಹಾಕಿದ್ದೇನೆ. ಆದರೆ ಫೋನ್ ಫೋಟೋದಲ್ಲಿ ಎಲ್ಲಾ ಬೆಳ್ಳಿಯೂ ಒಂದೇ ತರ ಕಾಣುತ್ತೆ.

ಕಬ್ಬಿನಗದ್ದೆ (ಮಂಡ್ಯ)
ಮೈಸೂರಿನವರು ಯಾರಾದರೂ "ಎಲ್ಲಾ ಮಂಡ್ಯದ ಕಬ್ಬಿನ ಟ್ರಾಕ್ಟರ್ ತಪ್ಪು" ಅನ್ನುವ ಮುಂಚೆ ನಾನೇ ಹೇಳಿಬಿಡುತ್ತೇನೆ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಟ್ರಾಕ್ಟರ್, ಆಟೋ, ಬೈಕ್ ಯಾವುದಕ್ಕೂ ಬಿಡುವುದಿಲ್ಲ. ನಾವೆಲ್ಲಾ ಸರ್ವಿಸ್ ರೋಡಲ್ಲಿ ಧೂಳು ಕುಡಿಯುತ್ತಾ ಹೋಗುತ್ತಿದ್ದೇವೆ. ನಿಮ್ಮ ಬಾನೆಟ್ಟಿಗೆ ಹೊಡೆಯೋದು ಜಲ್ಲಿ, ಎಂ-ಸ್ಯಾಂಡ್ ತುಂಬಿದ ಟಿಪ್ಪರ್. ಟಾರ್ಪಾಲ್ ಕಟ್ಟುವುದಿಲ್ಲ ನೋಡಿ.

ಚಾಮುಂಡಿ ತಿರುವು
ಟಿಪ್ಪರಿಗೆ ಬೈಯುವುದು ಸರಿ. ಆದರೆ ಅದರ ಹಿಂದೆ ಅಂಟಿಕೊಂಡು ಹೋಗುವವರಿಗೆ ಯಾರು ಬೈಯಬೇಕು? ಗ್ಯಾಪ್ ಬಿಟ್ಟರೆ ಅರ್ಧ ಕಲ್ಲು ನಿಮ್ಮ ತನಕ ಬರುವುದೇ ಇಲ್ಲ.

ಹೆಬ್ಬಾಳ ಬೂತ್
ನಾನು ಇದೇ ಕೆಲಸದಲ್ಲಿ ಇರುವವನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

"ಕೋಡ್ ಇದೆ, ಮುಗೀತು" ಅನ್ನುವವರ ಹತ್ತಿರ ಬೆಳ್ಳಿ ಬಣ್ಣದ ಗಾಡಿ ಬಿಡಬೇಡಿ. ಸಾದಾ ಬಿಳಿ ಆದರೆ ಹೇಗೋ ನಡೆಯುತ್ತದೆ. ಬೆಳ್ಳಿ ಅಂದರೆ ಪೇಂಟರಿಗೆ ಪರೀಕ್ಷೆ. ನಿಮ್ಮ ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿ ಹತ್ತಿರ ಒಂದು ಸ್ಟಿಕರ್ ಇರುತ್ತದೆ. ಅದರಲ್ಲಿ ಎಲ್ ಅಕ್ಷರದಿಂದ ಶುರುವಾಗುವ ಕೋಡ್ ಸಿಗುತ್ತದೆ. ಆದರೆ ಕೋಡ್ ಅನ್ನುವುದು ಕಂಪನಿ ಆ ಬಣ್ಣಕ್ಕೆ ಇಟ್ಟ ಹೆಸರು ಅಷ್ಟೇ. ಅದೇ ಕೋಡಿಗೆ ಪೇಂಟ್ ಕಂಪನಿಯವರ ಫಾರ್ಮುಲಾ ಪಟ್ಟಿಯಲ್ಲಿ ಎಷ್ಟೋ ವೇರಿಯಂಟ್ ಇರುತ್ತವೆ. ಒಂದು ನೀಲಿ ಕಡೆಗೆ ವಾಲಿರುತ್ತದೆ, ಒಂದು ಹಳದಿ ಕಡೆಗೆ, ಇನ್ನೊಂದರಲ್ಲಿ ಮೆಟಾಲಿಕ್ ಚೂರು ದಪ್ಪ. ಅದರ ಮೇಲೆ ನಿಮ್ಮ ಗಾಡಿ ಇಷ್ಟು ವರ್ಷ ಬಿಸಿಲು ಕಂಡಿದೆ.

ಇನ್ನು ಹೊಡೆಯುವ ಕೈ. ಬೆಳ್ಳಿ ಪೇಂಟಲ್ಲಿ ಇರುವುದು ಅಲ್ಯೂಮಿನಿಯಂನ ಚಪ್ಪಟೆ ಚೂರುಗಳು. ಪೇಂಟ್ ಒದ್ದೆಯಾಗಿ, ದಪ್ಪಗೆ ಬಿದ್ದರೆ ಹಾಲಿಗೆ ಹಾಕಿದ ಅವಲಕ್ಕಿ ತರ ಚೂರು ಕೆಳಗೆ ಮುಳುಗಿ ಅಡ್ಡಾದಿಡ್ಡಿ ಕೂರುತ್ತವೆ, ಬಣ್ಣ ಕಪ್ಪಿಡುತ್ತದೆ. ಒಣಗಿದಂತೆ ತೆಳ್ಳಗೆ ಬಿದ್ದರೆ ಮೇಲೆಯೇ ಮಲಗುತ್ತವೆ, ತಿಳಿಯಾಗುತ್ತದೆ. ಅಂದರೆ ಒಂದೇ ಡಬ್ಬಿ, ಒಂದೇ ಗನ್. ಏರ್ ಪ್ರೆಶರ್, ಥಿನ್ನರ್, ಅವತ್ತಿನ ಸೆಕೆ ಬದಲಾದರೆ ಬಣ್ಣವೂ ಬದಲು.

ಫೆಂಡರ್ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಬಾನೆಟ್ ಹೊಸದಾಗಿ ಹೊಡೆದು ಫೆಂಡರ್ ಹಳೆಯದೇ ಬಿಟ್ಟರೆ, ಎರಡೂ ಸೇರುವ ಗೆರೆಯಲ್ಲಿ ಚೂರೇ ಚೂರು ವ್ಯತ್ಯಾಸ ಇದ್ದರೂ ಕಣ್ಣಿಗೆ ಹೊಡೆಯುತ್ತದೆ. ಅದಕ್ಕೆ ಬೇಸ್ ಕೋಟನ್ನು, ಅಂದರೆ ಬಣ್ಣದ ಪದರವನ್ನು, ಫೆಂಡರ್ ಕಡೆಗೆ ಸ್ವಲ್ಪ ಹಾಯಿಸಿ ಕರಗಿಸಿಬಿಡುತ್ತೇವೆ, ಆಮೇಲೆ ಇಡೀ ಫೆಂಡರಿಗೆ ಕ್ಲಿಯರ್, ಅಂದರೆ ಮೇಲಿನ ಬಣ್ಣವಿಲ್ಲದ ಹೊಳಪಿನ ಪದರ. ಇದನ್ನೇ ಬ್ಲೆಂಡಿಂಗ್ ಅನ್ನುವುದು. ದೊಡ್ಡ ವರ್ಕ್‌ಶಾಪಿನವರು ಬಿಲ್ ಹೆಚ್ಚಿಸೋಕೆ ಹೇಳಿದ್ದಲ್ಲ. ರೇಟ್ ಜಾಸ್ತಿಯೋ ಕಮ್ಮಿಯೋ ಅದು ಬೇರೆ ಮಾತು.

ಕಾಂಪೌಂಡ್ ಕಿಟ್ಟಿ
ಗೀರಿಲ್ಲದ ಫೆಂಡರಿನ ಕಂಪನಿ ಪೇಂಟ್ ಉಜ್ಜುವುದಾ? ನನಗೆ ಇದು ಒಪ್ಪಿಗೆ ಇಲ್ಲ. ಫ್ಯಾಕ್ಟರಿಯಲ್ಲಿ ಬರೀ ಲೋಹದ ಬಾಡಿಯನ್ನೇ ಸುಮಾರು 140 ಡಿಗ್ರಿ ಓವನ್ನಿನಲ್ಲಿ ಬೇಯಿಸಿರುತ್ತಾರೆ. ಹೊರಗಿನ ಪೇಂಟ್ ಬೂತಲ್ಲಿ 60 ಡಿಗ್ರಿ ಅಷ್ಟೇ, ಅದಕ್ಕಿಂತ ಮೇಲೆ ಹೋದರೆ ವೈರಿಂಗ್, ಪ್ಲಾಸ್ಟಿಕ್ ಎಲ್ಲಾ ಕೆಡುತ್ತದೆ. ಒಂದು ಸಲ ಕಂಪನಿ ಪೇಂಟ್ ಹೋಯಿತು ಅಂದರೆ ಹೋಯಿತು. ಮಾರುವಾಗ ಬರುವವನು ಪೇಂಟ್ ದಪ್ಪ ಅಳೆಯುವ ಥಿಕ್‌ನೆಸ್ ಮೀಟರ್ ಹಿಡಿದುಕೊಂಡೇ ಬರುತ್ತಾನೆ.

ನನ್ನ ಸಲಹೆ ಟಚಪ್. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಪ್ರತಿ ಏಟಿನ ವ್ಯಾಕ್ಸ್ ತೆಗೆಯಿರಿ. ಸಣ್ಣ ಬ್ರಷ್ ಸಾಕು, ಟಚಪ್ ಬಾಟಲಿಯ ಜತೆ ಬರುವ ಬ್ರಷ್ ಮಾತ್ರ ಬೇಡ, ಅದು ಗೋಡೆಗೆ ಸುಣ್ಣ ಹೊಡೆಯುವ ಅಳತೆಯದು. ಗುಂಡಿಯ ಒಳಗೆ ಮಾತ್ರ ತೆಳ್ಳಗೆ ಬಿಡಿ, ಒಣಗಲಿ, ಮತ್ತೆ ಬಿಡಿ. ಕೊನೆಗೆ ಕ್ಲಿಯರ್. ಪೂರ್ತಿ ಗಟ್ಟಿಯಾದ ಮೇಲೆ 3000 ನಂಬರ್ ವಾಟರ್ ಪೇಪರಲ್ಲಿ ಸಮ ಮಾಡಿ ಪಾಲಿಶ್.

ಹೆಬ್ಬಾಳ ಬೂತ್
ಕಿಟ್ಟಿ ಸಾರ್, ಹೇಳಿದ್ದೆಲ್ಲಾ ಸರಿ, ಆದರೆ ಬೆಳ್ಳಿಗೆ ಒಂದು ತೊಡಕಿದೆ. ಬ್ರಷ್ಷಲ್ಲಿ ಇಟ್ಟ ಮೆಟಾಲಿಕ್ ಯಾವತ್ತೂ ಸ್ಪ್ರೇ ಮಾಡಿದ ಹಾಗೆ ಕೂರುವುದಿಲ್ಲ. ಒಂದು ಕಡೆಯಿಂದ ನೋಡಿದರೆ ಸರಿ, ಇನ್ನೊಂದು ಕಡೆಯಿಂದ ಕಪ್ಪು ಚುಕ್ಕೆ. ಎರಡಡಿ ದೂರಕ್ಕೆ ಕಾಣುವುದಿಲ್ಲ, ಅದಕ್ಕಿಂತ ಹತ್ತಿರ ಬಂದರೆ ಗೊತ್ತಾಗುತ್ತದೆ. ಇನ್ನೊಂದು ಮಾತು, ಆ 3000 ಪೇಪರ್ ಕೈಯಲ್ಲಿ ಹಿಡಿದವರು ಉತ್ಸಾಹ ಜಾಸ್ತಿ ಮಾಡಬಾರದು. ಕಂಪನಿ ಕ್ಲಿಯರ್ ಸಾಮಾನ್ಯವಾಗಿ 40–50 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಇರುತ್ತದೆ. ಬಾನೆಟ್ಟಿನ ಅಂಚಲ್ಲಿ ಅದು ಬೇಗ ಸವೆಯುತ್ತದೆ.

ಕಾಂಪೌಂಡ್ ಕಿಟ್ಟಿ
ಎರಡಡಿ ಹತ್ತಿರ ಬಂದು ಬಾನೆಟ್ ನೋಡುವವರು ಯಾರು ಸ್ವಾಮಿ, ಹೆಣ್ಣು ನೋಡೋಕೆ ಬಂದಿದ್ದಾರಾ?

ಗೋಕುಲಂ ಗಿರಿ
ಟಿಟಿ ಇಟ್ಟುಕೊಂಡವರು ದಿನಾ ಬೆಳಗ್ಗೆ ಅದನ್ನೇ ಮಾಡುವುದು 😄

ಮ್ಯಾಗ್ನೆಟ್ ಮಾಮ
ಯಾರೂ ಮುಖ್ಯ ವಿಷಯ ಎತ್ತಲಿಲ್ಲ. ಈ ಎರಡನೇ ತಲೆಮಾರಿನ ಟಿಟಿ ಪೂರ್ತಿ ಸ್ಟೀಲ್ ಅಲ್ಲ. ಬಾಡಿಯಲ್ಲಿ 69% ಅಲ್ಯೂಮಿನಿಯಂ, ಉಳಿದದ್ದು ಸ್ಟೀಲ್. ಬಾನೆಟ್, ಮುಂದಿನ ಫೆಂಡರ್ ಅಲ್ಯೂಮಿನಿಯಂ. ಬಾಗಿಲು, ಡಿಕ್ಕಿ ಮುಚ್ಚಳ ಸ್ಟೀಲ್. ಮುಂದೆ ಇಂಜಿನ್ ಭಾರ ಇದೆಯಲ್ಲ, ಹಿಂದೆಯೂ ಒಂದಿಷ್ಟು ತೂಕ ಇರಲಿ ಅಂತ ಹಾಗೆ ಮಾಡಿದ್ದು. ಫ್ರಿಜ್ ಮೇಲಿನ ಮ್ಯಾಗ್ನೆಟ್ ತಂದು ಇಟ್ಟು ನೋಡಿ, ಬಾಗಿಲಿಗೆ ಅಂಟುತ್ತದೆ, ಬಾನೆಟ್ಟಿಂದ ಜಾರಿ ಬೀಳುತ್ತದೆ.

ಹಾಗಾಗಿ ಬಾನೆಟ್ಟಿಗೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಅದು ಸಮಾಧಾನ. ಆದರೆ ತೇವ ಒಳಗೆ ಹೋದರೆ ಪೇಂಟ್ ಕೆಳಗೆ ಬಿಳಿ ಪುಡಿ ಕಟ್ಟಿ ಗುಳ್ಳೆ ಏಳುತ್ತದೆ, ಆ ಕಿರಿಕಿರಿ ತುಕ್ಕಿಗಿಂತ ಕಮ್ಮಿ ಏನಲ್ಲ. ಪೇಂಟ್ ಮಾಡುವವರು ಬರೀ ಅಲ್ಯೂಮಿನಿಯಂ ಮೇಲೆ ಎಪಾಕ್ಸಿ ಅಥವಾ ಎಚ್ (etch) ಪ್ರೈಮರ್, ಅಂದರೆ ಪೇಂಟ್ ಕಚ್ಚಿ ಹಿಡಿಯಲು ಕೆಳಗೆ ಹಾಕುವ ಪದರ, ಹಾಕಬೇಕು, ಉಜ್ಜಿದ ತಕ್ಷಣ ಹಾಕಬೇಕು. ಬೆಳಗ್ಗೆ ಉಜ್ಜಿ ಸಾಯಂಕಾಲ ಹಾಕುವುದಲ್ಲ. ಸ್ಟೀಲ್ ಬಾಗಿಲು ಉಜ್ಜಿದ ಡಿಸ್ಕನ್ನೇ ತಂದು ಇದಕ್ಕೂ ಉಜ್ಜಿದರೆ ಕಬ್ಬಿಣದ ಕಣ ಒಳಗೆ ಕೂತು ಅಲ್ಲಿಂದಲೇ ಕೊಳೆಯಲು ಶುರು. ನಿಮ್ಮ ಪೇಂಟರಿಗೆ ಇದು ಗೊತ್ತಾ ಕೇಳಿ.

ಅಂದ ಹಾಗೆ ಕಿಟ್ಟಿಯವರೇ, ಮಾಮೂಲಿ ಮ್ಯಾಗ್ನೆಟಿಕ್ ಥಿಕ್‌ನೆಸ್ ಮೀಟರ್ ಈ ಬಾನೆಟ್ ಮೇಲೆ ಕೆಲಸ ಮಾಡುವುದಿಲ್ಲ. ಅಲ್ಯೂಮಿನಿಯಂ ಮೇಲೂ ಅಳೆಯುವ ಎಡ್ಡಿ ಕರೆಂಟಿನದು ಬೇಕು.

ಎರಡುಬಾಗಿಲು (ಮೈಸೂರು)
ಮ್ಯಾಗ್ನೆಟ್ ಇಟ್ಟು ನೋಡಿದೆ. ನೀವು ಹೇಳಿದ ಹಾಗೇ ಆಯಿತು. ಪಕ್ಕದ ಮನೆಯವರು ನಾನು ಗಾಡಿಗೆ ದೃಷ್ಟಿ ತೆಗೆಯುತ್ತಿದ್ದೇನೆ ಅಂದುಕೊಂಡರು.

ಸುಮಾ (ಸರಸ್ವತಿಪುರಂ)
ನನ್ನ ಕೆಂಪು ಹ್ಯಾಚ್‌ಬ್ಯಾಕಿನ ಬಂಪರ್ ಕಥೆ ಕೇಳಿ. ಒಂದು ಕಡೆ ಕೊಟ್ಟೆ, ಹೆಸರು ಬೇಡ. ಸಂಜೆ ಟ್ಯೂಬ್‌ಲೈಟ್ ಕೆಳಗೆ ತೋರಿಸಿದರು, ಚೆನ್ನಾಗಿದೆ ಅಂತ ದುಡ್ಡು ಕೊಟ್ಟು ಬಂದೆ. ಬೆಳಗ್ಗೆ ಬಿಸಿಲಿಗೆ ನಿಲ್ಲಿಸಿದರೆ ಬಂಪರ್ ಬೇರೆ ಗಾಡಿಯದು ತಂದು ಸಿಕ್ಕಿಸಿದ ಹಾಗೆ. ಮತ್ತೆ ಹೋಗಿ ಕೇಳಿದರೆ "ಬಿಸಿಲಿಗೆ ಬಿಟ್ಟರೆ ಸೆಟ್ ಆಗುತ್ತೆ ಮೇಡಂ" ಅಂದರು. ಎರಡು ಬೇಸಿಗೆ ಕಳೆಯಿತು, ಇನ್ನೂ ಸೆಟ್ ಆಗುತ್ತಿದೆ.

ಹೆಬ್ಬಾಳ ಬೂತ್
ಮೇಡಂ, ಅದು ಸೆಟ್ ಆಗುವುದಿಲ್ಲ. ಬೇರೆ ಬೇರೆ ಪಿಗ್ಮೆಂಟ್ ಸೇರಿಸಿ ಮಾಡಿದ ಎರಡು ಬಣ್ಣ ಒಂದು ಬೆಳಕಲ್ಲಿ ಒಂದೇ ತರ ಕಾಣುತ್ತವೆ, ಇನ್ನೊಂದು ಬೆಳಕಲ್ಲಿ ಬೇರೆ. ಕೆಂಪಿಗೆ ಇನ್ನೊಂದು ಕಾಟ, ಅದಕ್ಕೆ ಮರೆ ಮಾಡುವ ಶಕ್ತಿ ಕಮ್ಮಿ. ಕೆಳಗಿನ ಪ್ರೈಮರ್ ತಿಳಿ ಬೂದಿಯೋ ಗಾಢ ಬೂದಿಯೋ ಅನ್ನುವುದೂ ಮೇಲೆ ತೋರುತ್ತದೆ. ಯಾರೇ ಆಗಲಿ, ಗಾಡಿ ವಾಪಸ್ ತಗೊಳ್ಳುವುದು ಹಗಲಲ್ಲೇ, ಹೊರಗೇ.

ಡ್ಯುಕೋ ತಾತ
ನಿಮ್ಮ ಮೆಷಿನ್ನು, ಕೋಡು, ಫಾರ್ಮುಲಾ ಎಲ್ಲಾ ಇರಲಿ. ನಾವು ಅಂಬಾಸಿಡರ್, ಫಿಯಟ್ ಹೊಡೆಯುವಾಗ ಯಾವ ಕೋಡ್ ಇತ್ತು? ಪೆಟ್ರೋಲ್ ಮುಚ್ಚಳ ಬಿಚ್ಚಿಕೊಂಡು ಅಂಗಡಿಗೆ ಹೋಗುವುದು, ಕಣ್ಣಳತೆಯಲ್ಲೇ ಡಬ್ಬಿಗೆ ಎರಡು ಹನಿ ಕಪ್ಪು, ಒಂದು ಹನಿ ನೀಲಿ ಬಿಟ್ಟು ಕಲಸುವುದು. ಬಣ್ಣ ಕೂರುತ್ತಿತ್ತು. ಈಗಿನವರಿಗೆ ಕಣ್ಣೇ ಇಲ್ಲ, ಕಂಪ್ಯೂಟರ್ ಬೇಕು.

ಹೆಬ್ಬಾಳ ಬೂತ್
ತಾತ, ಅಂಬಾಸಿಡರ್ ಬಿಳಿಗೆ ಕಣ್ಣು ಸಾಕು. ಅದರಲ್ಲಿ ಮೆಟಾಲಿಕ್ ಇಲ್ಲ, ಮೇಲೆ ಬೇರೆ ಕ್ಲಿಯರ್ ಇಲ್ಲ. ಈಗಿನ ಸ್ಪೆಕ್ಟ್ರೋಫೋಟೋಮೀಟರ್ ಒಂದೇ ಜಾಗವನ್ನು ಹಲವು ಕೋನದಿಂದ ಅಳೆಯುತ್ತದೆ, ನೇರ ನೋಡಿದರೆ ಹೇಗೆ, ಓರೆಯಿಂದ ನೋಡಿದರೆ ಹೇಗೆ ಅಂತ. ಆದರೂ ನೀವು ಹೇಳಿದ್ದರಲ್ಲಿ ಅರ್ಧ ಒಪ್ಪುತ್ತೇನೆ. ಮೆಷಿನ್ ಹೇಳಿದ್ದನ್ನು ನೇರ ಗಾಡಿಗೆ ಹೊಡೆಯುವವನು ಪೇಂಟರ್ ಅಲ್ಲ. ಮೊದಲು ಒಂದು ಟೆಸ್ಟ್ ಕಾರ್ಡಿಗೆ ಅದೇ ಗನ್ನು, ಅದೇ ಪ್ರೆಶರಲ್ಲಿ ಹೊಡೆದು, ಕ್ಲಿಯರ್ ಕೂಡ ಹಾಕಿ, ಒಣಗಿಸಿ, ಗಾಡಿ ಪಕ್ಕ ಬಿಸಿಲಲ್ಲಿ ಹಿಡಿದು ನೋಡಬೇಕು. ಅಲ್ಲಿ ಕಣ್ಣೇ ಬೇಕು.

ಡ್ಯುಕೋ ತಾತ
ಅರ್ಧ ಒಪ್ಪಿದೆಯಲ್ಲ, ಸಾಕು ಮಗ.

ಗೋಕುಲಂ ಗಿರಿ
ಒಂದು ತಲೆಹರಟೆ. ನಮ್ಮೂರಲ್ಲೇ ಬಣ್ಣದ ಕಾರ್ಖಾನೆ ಇದೆಯಲ್ಲ, ಮೈಸೂರ್ ಪೇಂಟ್ಸ್. ಅಲ್ಲಿ ಕಾರ್ ಪೇಂಟ್ ಸಿಗಲ್ವಾ?

ಟಾಂಗಾ ಸವಾರ
ಗಿರಿ, ಅದು 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದದ್ದು. ಊರೆಲ್ಲಾ ಗೊತ್ತಿರುವುದು ವೋಟಿನ ಶಾಯಿಗೆ, 1962ರ ಚುನಾವಣೆಯಿಂದ ಅಲ್ಲಿಂದಲೇ ಹೋಗುತ್ತಿದೆ. ತಮಾಷೆ ನೋಡಿ, ಆ ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್, ಅಂದರೆ ನಿಜವಾದ ಬೆಳ್ಳಿ ಇದೆ. ಬೆಳ್ಳಿ ಬಣ್ಣದ ಕಾರಲ್ಲಿ ಇರುವುದು ಅಲ್ಯೂಮಿನಿಯಂ.

ಕಬ್ಬಿನಗದ್ದೆ (ಮಂಡ್ಯ)
ಹಾಗಾದ್ರೆ ವೋಟ್ ಹಾಕಿದ ನನ್ನ ಬೆರಳಿಗೆ ಟಿಟಿಗಿಂತ ರೇಟ್ ಜಾಸ್ತಿ ಕಣ್ರಪ್ಪಾ.

ಟಾಂಗಾ ಸವಾರ
ಬಣ್ಣ ಹೊಂದಿಸುವ ಜಗಳ ನೋಡಬೇಕಾದರೆ ಜಾವಾ ಬೈಕ್ ಇಟ್ಟುಕೊಂಡವರ ಮಧ್ಯೆ ಕೂರಬೇಕು. ಯಾದವಗಿರಿಯ ಫ್ಯಾಕ್ಟರಿ 1996ರಲ್ಲೇ ಮುಚ್ಚಿತು, ಟ್ಯಾಂಕಿನ ಮರೂನ್ ಯಾವ ಮರೂನ್ ಅಂತ ಇವತ್ತಿಗೂ ಇಬ್ಬರು ಒಪ್ಪುವುದಿಲ್ಲ. ಒಬ್ಬರು ಬಿಸಿಲು ಬೀಳದ ಸೀಟ್ ಕೆಳಗಿನ ಬಣ್ಣ ತೋರಿಸುತ್ತಾರೆ, ಇನ್ನೊಬ್ಬರು ಅದು ಹೊಗೆ ಹಿಡಿದದ್ದು ಅನ್ನುತ್ತಾರೆ.

ನಿರ್ವಾಹಕ
ಜಾವಾ ಚರ್ಚೆಗೆ ಬೇರೆ ಎಳೆ ಇದೆ. ದಯವಿಟ್ಟು ಇಲ್ಲಿ ಟಿಟಿ. ಗ್ಯಾರೇಜುಗಳ ಹೆಸರು ಹಿಡಿದು ಬೈಯುವುದೂ ಬೇಡ, ಎರಡು ಪೋಸ್ಟ್ ತೆಗೆದಿದ್ದೇನೆ.

ಹೆಬ್ಬಾಳ ಬೂತ್
ಎರಡುಬಾಗಿಲು ಸಾರ್, ಒಂದು ಕೇಳುತ್ತೇನೆ. ನಿಮ್ಮ ಫೋಟೋ ದೊಡ್ಡದು ಮಾಡಿ ನೋಡಿದೆ. ಬಂಪರಿನ ಏಟುಗಳಲ್ಲಿ ಒಳಗೆ ಬೂದು ಪ್ರೈಮರ್, ಅದರೊಳಗೆ ಇನ್ನೊಂದು ಬೆಳ್ಳಿ ಪದರ ಕಾಣುತ್ತಿದೆ. ಬಂಪರ್ ಒಂದು ಸಲ ಪೇಂಟ್ ಆಗಿದೆ ಅಲ್ವಾ? ನಾಳೆ ಸಂಜೆ ನಾಲ್ಕು ಗಂಟೆ ಬಿಸಿಲಲ್ಲಿ ಬಂಪರ್ ಮತ್ತು ಫೆಂಡರ್ ಸೇರುವ ಜಾಗ ಓರೆಯಿಂದ ನೋಡಿ ಹೇಳಿ. ಇನ್ನೊಂದು, ಆ ಪೇಂಟರ್ ಬಣ್ಣದ ಚಾರ್ಟ್ ಎಲ್ಲಿ ಹಿಡಿದು ನೋಡಿದರು?

ಎರಡುಬಾಗಿಲು (ಮೈಸೂರು)
ನೋಡಿದೆ. ಬಂಪರ್ ಸ್ವಲ್ಪ ಹಳದಿಗಿದೆ. ಇಷ್ಟು ದಿನ ಪ್ಲಾಸ್ಟಿಕ್ ಅಲ್ವಾ, ಹಾಗೇ ಇರುತ್ತೇನೋ ಅಂದುಕೊಂಡಿದ್ದೆ. ಹಳೆಯ ಮಾಲೀಕರಿಗೆ ಫೋನ್ ಮಾಡಿದೆ, ಪಾರ್ಕಿಂಗಲ್ಲಿ ತಾಗಿತ್ತು, ಹೊಡೆಸಿದ್ದೆ ಅಂದರು. ಚಾರ್ಟ್ ಹಿಡಿದದ್ದು ಬಂಪರ್ ಮೇಲೆ.

ಹೆಬ್ಬಾಳ ಬೂತ್
ಅಲ್ಲಿಗೆ ಸಿಕ್ಕಿತು. ತಪ್ಪಾಗಿ ಹೊಡೆದ ಬಂಪರಿಗೆ ಹೊಂದಿಸಿ ಅವರು ಬಾನೆಟ್ ಹೊಡೆಯುತ್ತಿದ್ದರು. ಆಗ ಬಾನೆಟ್, ಬಂಪರ್ ಎರಡೂ ಒಂದೇ ಬಣ್ಣ, ಉಳಿದ ಗಾಡಿ ಇನ್ನೊಂದು. ಅಳತೆ ತಗೊಳ್ಳಬೇಕಾದ್ದು ಕಂಪನಿ ಪೇಂಟ್ ಇರುವ ಫೆಂಡರಿಂದ, ಅದೂ ಪಾಲಿಶ್ ಮಾಡಿ ಮೇಲಿನ ಮಂಕು ತೆಗೆದ ಮೇಲೆ.

ನಾನಾಗಿದ್ದರೆ ಬಂಪರ್ ಒಂದನ್ನೇ ಬಿಚ್ಚಿ ಮಾಡುತ್ತೇನೆ. ಹೇಗೂ ಅದರ ಕಂಪನಿ ಪೇಂಟ್ ಹೋಗಿದೆ. ಹಳೆಯ ಪದರ ಮೇಲೆ ಮತ್ತೆ ಪದರ ಏರಿಸಬೇಡಿ, ದಪ್ಪ ಆದಷ್ಟೂ ಕಲ್ಲು ಬಿದ್ದಾಗ ದೊಡ್ಡ ಚಕ್ಕೆ ಏಳುತ್ತದೆ. ಬರೀ ಪ್ಲಾಸ್ಟಿಕ್ ಬಂದ ಕಡೆ ಪ್ಲಾಸ್ಟಿಕ್ ಪ್ರೈಮರ್ ಕಡ್ಡಾಯ, ಇಲ್ಲದಿದ್ದರೆ ಕಾರ್ ವಾಶ್ ಪ್ರೆಶರಿಗೇ ಸಿಪ್ಪೆ ಸುಲಿಯುತ್ತದೆ. ಬಂಪರ್ ಬೇರೆ ಭಾಗ, ಮಧ್ಯೆ ಗ್ಯಾಪ್ ಇದೆ, ತಿರುವು ಬೇರೆ. ಅಲ್ಲಿ ಕೂದಲೆಳೆ ವ್ಯತ್ಯಾಸ ಉಳಿದರೂ ಕಣ್ಣು ಹಿಡಿಯುವುದಿಲ್ಲ. ಬಾನೆಟ್ಟಿಗೆ ಕಿಟ್ಟಿಯವರ ಟಚಪ್ ಇರಲಿ, ಲೋಹ ಕಂಡ ಕಡೆ ಮೊದಲು ಪ್ರೈಮರ್ ಚುಕ್ಕೆ. ಆಗ ಫೆಂಡರ್ ಮುಟ್ಟುವ ಮಾತೇ ಇಲ್ಲ.

ಕಾಂಪೌಂಡ್ ಕಿಟ್ಟಿ
ನನ್ನ ಹೆಸರು ಬಿಲ್ಲಲ್ಲಿ ಬರಲಿ.

ಚಾಮುಂಡಿ ತಿರುವು
ಇನ್ಶೂರೆನ್ಸಲ್ಲಿ ಹಾಕಿಸಬಹುದಲ್ವಾ?

ಸುಮಾ (ಸರಸ್ವತಿಪುರಂ)
ಕಲ್ಲೇಟನ್ನು ಸವೆತ ಅಂತ ತಳ್ಳಿಹಾಕುವುದೇ ಜಾಸ್ತಿ. ಒಪ್ಪಿದರೂ ಲೆಕ್ಕ ಹಾಕಿ. ಐದು ವರ್ಷ ಕ್ಲೇಮ್ ಇಲ್ಲದಿದ್ದರೆ ಓನ್ ಡ್ಯಾಮೇಜ್ (ನಮ್ಮದೇ ಗಾಡಿಯ ಹಾನಿಗೆ ಕಟ್ಟುವ) ಪ್ರೀಮಿಯಮ್ಮಲ್ಲಿ 50% ಬೋನಸ್ ಇರುತ್ತದೆ, ಒಂದು ಕ್ಲೇಮಿಗೆ ಅದು ಹೋಗುತ್ತದೆ. ಸವಕಳಿ ಕಡಿತ ಮಾಡದ ಝೀರೋ ಡೆಪ್ ಪಾಲಿಸಿ ಇಲ್ಲದಿದ್ದರೆ ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಕಡಿತ ಬೇರೆ. ಒಂದು ಬಂಪರಿಗೆ ಇಷ್ಟೆಲ್ಲಾ ಬೇಡ.

ಎರಡುಬಾಗಿಲು (ಮೈಸೂರು)
ಬಂಪರ್ ಬಿಚ್ಚಿ ತಂದರೆ ಮನೆಯಲ್ಲೇ ಸ್ಪ್ರೇ ಮಾಡಬಹುದಾ? ತಮ್ಮನ ಹತ್ತಿರ ಕಂಪ್ರೆಸರ್ ಇದೆ.

ಹೆಬ್ಬಾಳ ಬೂತ್
ಬೇಡ. ಗಟ್ಟಿಯಾಗಲು ಹಾರ್ಡ್ನರ್ ಹಾಕುವ ಕ್ಲಿಯರಲ್ಲಿ ಐಸೋಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಅದು ಶ್ವಾಸಕೋಶಕ್ಕೆ ಹೋಗಿ ಅಸ್ತಮಾ ತರಿಸುತ್ತದೆ, ಒಂದು ಸಲ ಮೈಗೆ ಒಗ್ಗದೆ ಹೋದರೆ ಆಮೇಲೆ ಸ್ವಲ್ಪ ತಾಗಿದರೂ ಕಷ್ಟ. ಕರ್ಚೀಫ್, ಬಟ್ಟೆ ಮಾಸ್ಕ್ ಯಾವುದೂ ತಡೆಯುವುದಿಲ್ಲ. ನಮಗೆ ಹೊರಗಿನ ಗಾಳಿ ಕೊಡುವ ಮಾಸ್ಕ್ ಇದೆ. ನಮ್ಮ ಊರಲ್ಲಿ ಅದಿಲ್ಲದೆ ಹೊಡೆಯುವ ಹುಡುಗರು ಎಷ್ಟೋ ಜನ ಇದ್ದಾರೆ, ಬೇಜಾರಿನ ಸಂಗತಿ. ಈಗ ಮಳೆಯ ತೇವವೂ ಇದೆ. ಕಂಪ್ರೆಸರ್ ಪೈಪಲ್ಲಿ ನೀರು ಬಂದರೆ ಕೆಲಸ ಕೆಟ್ಟಿತು.

ಗೋಕುಲಂ ಗಿರಿ
ಪೇಂಟ್ ಆದ ಮೇಲೆ ಸೆರಾಮಿಕ್ ಕೋಟಿಂಗ್ ಹಾಕಿಸಿ, ಕಲ್ಲು ಬಿದ್ದರೂ ಏನೂ ಆಗಲ್ಲ.

ಮ್ಯಾಗ್ನೆಟ್ ಮಾಮ
ಗಿರಿ, ಅದು ಮಾರುವವರ ಮಾತು. ಸೆರಾಮಿಕ್ ಪದರ ಅಂದರೆ ಒಂದೆರಡು ಮೈಕ್ರಾನ್. ನೀರು ಜಾರುತ್ತದೆ, ತೊಳೆಯೋದು ಸುಲಭ, ಕಲ್ಲಿಗೆ ಲೆಕ್ಕಕ್ಕೇ ಇಲ್ಲ. ಕಲ್ಲು ತಡೆಯುವುದು ಪಿಪಿಎಫ್, 150–200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಹಾಳೆ. ಬಂಪರಿಗೂ ಬಾನೆಟ್ಟಿನ ಮುಂದಿನ ಅರ್ಧಕ್ಕೂ ಹಾಕಿಸಿದರೆ ಸಾಕು. ಆದರೆ ಹೊಸ ಪೇಂಟ್ ಮೇಲೆ ತಕ್ಷಣ ಬೇಡ, ಒಳಗಿನ ಸಾಲ್ವೆಂಟ್ ಹೊರಗೆ ಹೋಗಲು ಒಂದು ತಿಂಗಳಾದರೂ ಬಿಡಿ.

ಟಾಂಗಾ ಸವಾರ
ಪೂಜೆ ವಿಷಯ ಯಾರೂ ಹೇಳಲಿಲ್ಲ. ಹೊಸ ಪೇಂಟಿಗೆ ಅರಿಶಿನ ಕುಂಕುಮ ಹಚ್ಚಿ ರಾತ್ರಿಯೆಲ್ಲಾ ಬಿಟ್ಟರೆ ಕಲೆ ಕೂರುತ್ತದೆ. ಹೂವಿನ ಹಾರ ಸೆಲ್ಲೋಟೇಪಲ್ಲಿ ಅಂಟಿಸಬೇಡಿ, ಕೀಳುವಾಗ ಪೇಂಟೇ ಬರಬಹುದು. ಬೂದುಗುಂಬಳ ಒಡೆಯುವುದು ಗಾಡಿಯಿಂದ ದೂರ. ಕುಂಕುಮ ನಂಬರ್ ಪ್ಲೇಟಿಗೆ ಇಟ್ಟರೆ ತಾಯಿ ಚಾಮುಂಡಿ ಬೇಡ ಅನ್ನುವುದಿಲ್ಲ.

ಸುಮಾ (ಸರಸ್ವತಿಪುರಂ)
ನಮ್ಮತ್ತೆಗೆ ಇದನ್ನು ಹೇಳಿ ನೋಡಿ ನೀವು. ಬಾನೆಟ್ ಮಧ್ಯಕ್ಕೇ ಸ್ವಸ್ತಿಕ್ ಬರೆಯಬೇಕು ಅವರಿಗೆ.

ಎರಡುಬಾಗಿಲು (ಮೈಸೂರು)
ಅಪ್‌ಡೇಟ್. ಬಂಪರ್ ಮಾತ್ರ ಮಾಡಿಸಿದೆ. ಫೆಂಡರಿಂದ ಅಳತೆ ತಗೊಂಡರು. ಮೊದಲ ಕಾರ್ಡ್ ನೇರಕ್ಕೆ ಸರಿ ಇತ್ತು, ಓರೆಗೆ ಕಪ್ಪಿಟ್ಟಿತು, ಬೇರೆ ವೇರಿಯಂಟ್ ಕಲಸಿ ಎರಡನೇ ಕಾರ್ಡ್ ಹೊಡೆದರು, ಅದು ಕೂತಿತು. ಸಂಜೆ ಬಿಸಿಲಲ್ಲಿ ಮಂಡಿಯೂರಿ ನೋಡಿದೆ, ಗೆರೆ ಸಿಗಲಿಲ್ಲ. ಬಾನೆಟ್ಟಿನ ಚುಕ್ಕೆಗಳನ್ನು ನಾನೇ ತುಂಬಿದೆ. ಹತ್ತಿರದಿಂದ ಕಾಣುತ್ತವೆ, ಇರಲಿ. ಪಿಪಿಎಫ್ ಹಬ್ಬ ಕಳೆದ ಮೇಲೆ. ಉಳಿದ ಬೇಸ್ ಕೋಟ್ ಒಂದು ಸಣ್ಣ ಬಾಟಲಿಯಲ್ಲಿ ಕೊಟ್ಟಿದ್ದಾರೆ, ಎಷ್ಟು ದಿನ ಇರುತ್ತದೆ?

ಕಾಂಪೌಂಡ್ ಕಿಟ್ಟಿ
ಫ್ರಿಜ್ಜಲ್ಲಿ ಇಡಿ.

ಹೆಬ್ಬಾಳ ಬೂತ್
ಫ್ರಿಜ್ಜಲ್ಲಿ ಇಡಬೇಡಿ ಸಾರ್, ಅದು ಬೆಂಕಿ ಹತ್ತುವ ಸಾಮಾನು, ಅಡುಗೆಮನೆಗೆ ಬೇಡ. ಹಾರ್ಡ್ನರ್ ಬೆರೆಸಿಲ್ಲದಿದ್ದರೆ ಬೇಗ ಕೆಡುವುದಿಲ್ಲ. ಬಾಟಲಿ ಕತ್ತಿನ ತನಕ ತುಂಬಿರಲಿ, ಮುಚ್ಚಳ ಬಿಗಿ ಇರಲಿ, ಬಿಸಿಲು ಬೀಳದ ಕಡೆ ಇಡಿ. ಮೇಲೆ ವೇರಿಯಂಟ್ ನಂಬರ್ ಬರೆಸಿಕೊಂಡಿದ್ದೀರಾ? ಇಲ್ಲದಿದ್ದರೆ ಇವತ್ತೇ ಹೋಗಿ ಬರೆಸಿಕೊಳ್ಳಿ.